ತಿರುವಿನಾಚೆಯ ಹುರುಳಿ

ತ್ರಿವೇಣಿ ಕೆಂಪು ಬಟ್ಟೆ ಕಟ್ಟಿದ ಕೋಲನ್ನು ಎತ್ತಿ ಹಿಡಿದಳು. ಮುಖವನ್ನು ಮಾತ್ರ ಹೊಲದ ಕಡೆ ತಿರುಗಿಸಿಕೊಂಡಿದ್ದಳು. ಕುಣಿಗಲ್ ಕಡೆಯಿಂದ ಬಂದ ಬುಲೆಟ್ಟು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಸವಾರ ಹೆಲ್ಮೆಟ್ ತೆಗೆದ. ಜಾಕೆಟ್ಟಿನ ಒಳಜೇಬಿನಿಂದ ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು ಒಂದೊಂದಾಗಿ ಹೊರಗೆ ಬಂದವು. ಆಮೇಲೆ ತಲೆಯೆತ್ತಿ ನೋಡಿದರೆ, ಎದುರಿಗೆ ಮಾಸಿದ ಚೂಡಿದಾರದ ಹುಡುಗಿ.

"ಪೊಲೀಸ್ನೋರೆಲ್ಲಿ?"

"ಇಲ್ಲ."

"ಮತ್ತೆ ಯಾಕಮ್ಮ ನಿಲ್ಲಿಸ್ದೆ?"

"ತಿರುವಿನಾಚೆ ಹುರುಳಿ ಹಾಕಿದೀವಿ. ಜಾರ್ತದೆ. ನಿಧಾನಕ್ಕೋಗ್ಬೇಕು."

ಹುರುಳಿ ಬಳ್ಳಿಯನ್ನು ಟಾರು ರಸ್ತೆಗೆ ಹರಡಿ, ಬಸ್ಸು ಲಾರಿಗಳ ಚಕ್ರದಲ್ಲಿ ಕಾಳು ಬಿಡಿಸಿಕೊಳ್ಳುವುದು ಆ ಕಡೆ ಹೊಸದೇನಲ್ಲ. ಆದರೆ ಹೋದ ವಾರ ಕೆರೆ ಏರಿಯ ಮೇಲೆ ಹರಡಿದ್ದಾಗ ಯಾರೋ ಬೈಕಿನವನು ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಹೆಡ್ ಕಾನ್‌ಸ್ಟೇಬಲ್ ಗುಂಡಯ್ಯ ಬಂದು, "ಇನ್ನೊಬ್ಬ ಬಿದ್ದ ಅಂದ್ರೆ ನಿನ್ ಮೇಲೆ ಕೇಸು ಬರೀತೀನಿ ಸಿದ್ದಲಕ್ಷ್ಮಮ್ಮ. ಆಮೇಲೆ ಕೋರ್ಟಿಗೆ ಅಲೀತಿರು" ಎಂದು ಹೇಳಿ ಹೋಗಿದ್ದ. ಅದಕ್ಕೇ ಸಿದ್ದಲಕ್ಷ್ಮಮ್ಮ ಈ ಸಲ ಜಾಗ ಬದಲಾಯಿಸಿ, ಮಗಳ ಕೈಗೆ ಕೋಲು ಕೊಟ್ಟು ತಿರುವಿಗಿಂತ ಮುಂಚೆ ನಿಲ್ಲಿಸಿದ್ದಳು.

ಸವಾರ ನಗುತ್ತ ಕಾಗದಗಳನ್ನು ಒಳಗಿಟ್ಟ. ತುಮಕೂರಿನ ಝುಬೇರ್ ಎಂದು ಹೆಸರು ಹೇಳಿಕೊಂಡ. ಭಾನುವಾರ ಬಂತೆಂದರೆ ಹಳ್ಳಿ ರಸ್ತೆಗಳಲ್ಲಿ ಗಾಡಿ ಓಡಿಸುವುದೇ ಅವನ ಖಯಾಲಿಯಂತೆ. ಇವತ್ತು ಹುಲಿಯೂರುದುರ್ಗದ ಬೆಟ್ಟ ನೋಡಲು ಹೊರಟಿದ್ದನಂತೆ. ಟ್ಯಾಂಕಿನ ಮೇಲಿನ ಚೀಲದಿಂದ ಸಣ್ಣ ನೋಟ್‌ಬುಕ್ ತೆಗೆದ.

"ನೋಡು ತಂಗಿ, ತುಮಕೂರು ಬಿಡೋವಾಗ ಸ್ಪೀಡ್ ಬೋರ್ಡಲ್ಲಿ ನಲವತ್ತು ಅಂತಿತ್ತು. ನಲವತ್ರಲ್ಲೇ ಬಂದೆ. ಹಿಂದಿನ ಲಾರಿಯವ್ನು ಹಾರ್ನ್ ಹೊಡ್ದು ಹೊಡ್ದು ಬೈದ. ಹೋದ್ ತಿಂಗ್ಳು ಗುಬ್ಬಿ ಕಡೆ ಹೋಗಿದ್ದೆ. ಅಲ್ಲಿ ಬೋರ್ಡಿನ ಮೇಲೆ ಟ್ಯೂಷನ್ ಪೋಸ್ಟರು! ಎಷ್ಟು ಅಂತ ಯಾರಿಗ್ಗೊತ್ತು? ಅಲ್ಲೇ ಪೊಲೀಸ್ನೋರು ಹಿಡಿದ್ರು. ಇಲ್ಲಿ ಬೋರ್ಡೇ ಕಾಣ್ಲಿಲ್ಲ. ಇಲ್ಲಿ ಎಷ್ಟಮ್ಮ ಸ್ಪೀಡು?"

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ತ್ರಿವೇಣಿಯನ್ನು ಯಾರೂ ಏನೂ ಕೇಳಿದ್ದಿಲ್ಲ. ಕೇಳಿದ್ದರೆ, ದನ ಎಲ್ಲಿ ಅಂತ. ಆದರೂ ಅವಳ ಹತ್ತಿರ ಉತ್ತರವಿತ್ತು. ಬೆಳಗಿನಿಂದ ಅವಳು ಅದನ್ನೇ ನೋಡುತ್ತಿದ್ದಳು.

"ಗೌರ್ಮೆಂಟ್ ಬಸ್ಸು ನಾನು ಬಟ್ಟೆ ಎತ್ತೋಕ್ ಮುಂಚೇನೇ ನಿಧಾನ ಆಯ್ತದೆ," ನೆಲ ನೋಡುತ್ತ ಹೇಳಿದಳು. "ಡ್ರೈವರ್ ಮನೇಲೂ ಹುರುಳಿ ಐತೇನೋ. ಕಾರ್ನೋರು ನನ್ನ ದಾಟಿದ್ಮೇಲೆ ಬ್ರೇಕ್ ಹಾಕ್ತಾರೆ. ಬೈಕ್ನೋರು ನನ್ನ ನೋಡ್ತಾರೆ, ಬಟ್ಟೆ ನೋಡಲ್ಲ."

ಝುಬೇರ್ ಕಿವಿ ಕೆಂಪಾಗಿ, ಅದನ್ನೂ ಬರೆದುಕೊಂಡ. "ನಿಲ್ಲಿಸ್ದೆ ಹೋದ್ರೆ?"

"ಅವ್ವ ಬೈತಾಳೆ."

"ಅವ್ರನ್ನಾ?"

"ನನ್ನ."

ಅಷ್ಟರಲ್ಲಿ ಕುಣಿಗಲ್ ಕಡೆಯಿಂದ ಇನ್ನೊಂದು ಬೈಕಿನ ಸದ್ದು. ಹಳೇ ರಾಜ್‌ದೂತು, ಜೋರಾಗಿ ಬರುತ್ತಿತ್ತು. ತ್ರಿವೇಣಿ ಕೋಲನ್ನು ಅರ್ಧ ಎತ್ತಿದಳು. ಖಾಕಿ ಕಂಡಿತು. ಗುಂಡಯ್ಯ. ಅವಳ ಕೈ ತಾನಾಗಿಯೇ ಇಳಿಯಿತು. ಕೆಂಪು ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಗುಂಡಯ್ಯ ಆ ಬುಲೆಟ್ಟನ್ನು ಕತ್ತು ತಿರುಗಿಸಿ ನೋಡುತ್ತಲೇ ತಿರುವು ದಾಟಿದ.

ಮೊದಲು ಟೈರು ಉಜ್ಜಿದ ಸದ್ದು. ಆಮೇಲೆ ತಗಡು ಬಿದ್ದಂಥ ಸದ್ದು. ಆಮೇಲೆ ಹುರುಳಿ ಹತ್ತಿರವಿದ್ದ ಸಿದ್ದಲಕ್ಷ್ಮಮ್ಮನ ದನಿ: "ಅಯ್ಯೋ, ನನ್ ಮನೆ ಹಾಳಾಯ್ತು!" ಇನ್ನೊಬ್ಬ ಬಿದ್ದಾಗಿತ್ತು.

ಇಬ್ಬರೂ ಓಡಿದರು. ಗುಂಡಯ್ಯ ಹುರುಳಿ ಬಳ್ಳಿಯ ಮೇಲೆ ಕಾಲು ಚಾಚಿ ಕೂತಿದ್ದ. ಏಟೇನೂ ಆಗಿರಲಿಲ್ಲ, ಮೀಸೆಯಲ್ಲಿ ಹೊಟ್ಟು ಸಿಕ್ಕಿಕೊಂಡಿತ್ತು. ಸಿದ್ದಲಕ್ಷ್ಮಮ್ಮ "ಕೇಸು ಬರೀಬ್ಯಾಡಿ ಸಾರ್" ಎನ್ನುತ್ತ ಕೈ ಮುಗಿದುಕೊಂಡು ನಿಂತಿದ್ದಳು, ಆಗಲೇ ಕೋರ್ಟಿನ ಮೆಟ್ಟಿಲು ಹತ್ತಿದವಳ ಹಾಗೆ.

"ಯಾಕಮ್ಮಿ ಬಟ್ಟೆ ತೋರ್ಸಲಿಲ್ಲ?" ಗುಂಡಯ್ಯ ತ್ರಿವೇಣಿಯ ಮೇಲೆ ಹರಿಹಾಯ್ದ. "ಇವ್ನಿಗೆ ತೋರ್ಸಿದ್ದೆ ತಾನೆ?"

"ನೀವು ಪೊಲೀಸ್ನೋರಲ್ವಾ ಸಾರ್," ಎಂದಳು ತ್ರಿವೇಣಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮನ್ನ ಹೆಂಗೆ ನಿಲ್ಸೋದು?"

ಗುಂಡಯ್ಯ ಮೀಸೆಯ ಹೊಟ್ಟು ಕಿತ್ತು ಎಸೆದ. ಝುಬೇರ್ ರಾಜ್‌ದೂತನ್ನು ಎತ್ತಿ ಸ್ಟ್ಯಾಂಡ್ ಹಾಕಿದ. ಆಗ ಗುಂಡಯ್ಯನ ಕಣ್ಣು ಅವನ ಕಂಕುಳಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಬಿತ್ತು.

"ಏನದು? ಪೇಪರ್ನೋರಾ?"

"ಅಲ್ಲ ಸಾರ್. ಯಾವ್ ರಸ್ತೇಲಿ ಎಷ್ಟು ಸ್ಪೀಡು, ಎಲ್ಲಿ ಯಾರು ಹಿಡೀತಾರೆ ಅಂತ ಬರ್ಕೊತೀನಿ, ಅಷ್ಟೆ." ಝುಬೇರ್ ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: "ಕೇಸು ಹಾಕೋವಾಗ ಬಿದ್ದೋರ ಹೆಸ್ರು ಬರೀಲೇಬೇಕಾ ಸಾರ್? ಅವ್ರು ಎಷ್ಟು ಸ್ಪೀಡಲ್ಲಿದ್ರು ಅನ್ನೋದೂ?"

ಗುಂಡಯ್ಯ ಎದ್ದು ಟೋಪಿ ಕೊಡವಿ ಹಾಕಿಕೊಂಡ. ಸಿದ್ದಲಕ್ಷ್ಮಮ್ಮನನ್ನು ನೋಡಿದ. ಖಾಲಿ ರಸ್ತೆಯನ್ನು ಆ ಕಡೆ ಈ ಕಡೆ ನೋಡಿದ.

"ಯಾರ್ ಬಿದ್ರು ಇಲ್ಲಿ?" ಎಂದ. "ಯಾರೂ ಬಿದ್ದಿಲ್ಲ."

ಗಾಡಿ ಹತ್ತದೆ, ಬಳ್ಳಿ ತುಳಿಯದಂತೆ ರಸ್ತೆಯ ಅಂಚಿನಲ್ಲೇ ತಳ್ಳಿಕೊಂಡು ಹೊರಟ. ಹತ್ತಿಪ್ಪತ್ತು ಹೆಜ್ಜೆ ಹೋಗಿರಬೇಕು, ಸಿದ್ದಲಕ್ಷ್ಮಮ್ಮ ಮುಗಿದ ಕೈ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗಿದಳು:

"ಸಾರ್, ನಡುಮಧ್ಯ ಹೋಗಿ ಸಾರ್! ಹತ್ಕಂಡೇ ಹೋಗಿ! ಸುಮ್ನೆ ತಳ್ಳಿದ್ರೆ ಕಾಳು ಬುಡಲ್ಲ!"

ಗುಂಡಯ್ಯ ನಿಂತ. ಹಿಂದಕ್ಕೆ ತಿರುಗಿ ನೋಡದೆ ಗಾಡಿ ಹತ್ತಿದ. ಎರಡೂ ಕಾಲು ನೆಲಕ್ಕೆ ಬಿಟ್ಟುಕೊಂಡು, ಸೈಕಲ್ ಕಲಿಯುವವನ ಹಾಗೆ ಹುರುಳಿಯ ನಟ್ಟನಡುವೆ ಸಾಗಿದ. ಚಕ್ರದ ಕೆಳಗೆ ಕಾಯಿಗಳು ಚಟಪಟ ಸಿಡಿಯುತ್ತಿದ್ದವು.