ಭೀಮನ ಏಟಿಗೆ ಒನ್ಸ್ ಮೋರ್

ದುರ್ಯೋಧನ ಬಿದ್ದ ಮೇಲೂ ಭೀಮ ಹೊಡೆಯುವುದನ್ನು ನಿಲ್ಲಿಸಲಿಲ್ಲ.

ನಂಜನಗೂಡಿನ ಸಮುದಾಯ ಭವನದಲ್ಲಿ ಹೆಡತಲೆ ಊರಿನವರ ಹಗಲು ನಾಟಕ. ತೊಡೆ ಮುರಿದ ಕೂಡಲೇ ಪರದೆ ಬೀಳಬೇಕಿತ್ತು. ಬೀಳಲಿಲ್ಲ. ಹಾರ್ಮೋನಿಯಂ ಯಾವಾಗಲೋ ನಿಂತಿತ್ತು. ಮರದ ಗದೆ ಪಕ್ಕೆಗೆ ಬಿತ್ತು, ಬೆನ್ನಿಗೆ ಬಿತ್ತು. ದಪ್ಪ ಬಣ್ಣ ಬಳಿದ ಮುಖಕ್ಕೆ ಅಂಟಿಸಿದ ಮೀಸೆ ಜಾರಿ ಬಾಯಿಗೆ ಬಂದು ಕೆಂಪಗೆ ತೊಯ್ದಿತು.

"ಯಾರಾದ್ರೂ ಬುಡ್ಸ್ರಪ್ಪಾ! ನಿಜ್ವಾಗ್ಲೂ ಒಡೀತಾವ್ನೆ!" ಮುಂದಿನ ಸಾಲಿನ ಹೆಂಗಸೊಬ್ಬಳು ಕಿರುಚಿದಳು.

ಪಕ್ಕದಲ್ಲೇ ವಿಡಿಯೊ ತೆಗೆಯುತ್ತಿದ್ದ ಮಧುಶ್ರೀ ಕದಲಲಿಲ್ಲ. ಇದು ಅವಳೇ ಹೂಡಿದ ಆಟ.

ಅವಳು ಮೈಸೂರಿನ ಪತ್ರಿಕೆಯೊಂದರ ವರದಿಗಾರ್ತಿ. ಆ ವರ್ಷ, 2009ರಲ್ಲಿ, ಪತ್ರಿಕೆ ವೆಬ್‌ಸೈಟ್ ತೆರೆದಿತ್ತು. ಅಲ್ಲಿ ಯಾವುದಕ್ಕೆ ಕ್ಲಿಕ್ ಬೀಳುತ್ತದೋ ಅದಕ್ಕಷ್ಟೇ ಕಲಾಪುಟದಲ್ಲಿ ಜಾಗ. ನಾಟಕದ ಮೇಷ್ಟ್ರು ಚನ್ನಯ್ಯ ಅವಳಿಗೂ ಹಾಡು ಕಲಿಸಿದವರು. ಗಂಟಲು ಕೆಟ್ಟು ಈಗ ಪಿಸುಮಾತೇ ಗತಿ. ಅವರು ಕಣ್ಣಾರೆ ನೋಡುವಂತೆ ಅವರ ಹೆಸರು ಒಮ್ಮೆ ಪತ್ರಿಕೆಯಲ್ಲಿ ಬರಲಿ ಎಂದು ಅವರ ಹಳೆಯ ಹಾಡೊಂದನ್ನು ವೆಬ್‌ಸೈಟಿಗೆ ಹಾಕಿದ್ದಳು. ಯಾರೂ ಕ್ಲಿಕ್ ಮಾಡಲಿಲ್ಲ.

"ಹಾಡು ಯಾರಿಗಮ್ಮ ಬೇಕು? ಹೊಡೆದಾಟ ಇದ್ರೆ ತಗೊಂಡ್ಬಾ. ಜನ ನೋಡಿದ್ರೆ ನಿಮ್ಮ ಮೇಷ್ಟ್ರಿಗೆ ಅರ್ಧ ಪುಟ," ಎಂದಿದ್ದರು ಸಂಪಾದಕರು.

ಊರ ನಾಟಕಗಳಲ್ಲಿ ಒಂದೇ ಪಾತ್ರವನ್ನು ಮೂರು ನಾಲ್ಕು ಜನ ಹಂಚಿಕೊಳ್ಳುವುದು ವಾಡಿಕೆ. ಕೊನೆಯ ದೃಶ್ಯದ ದುರ್ಯೋಧನ ಮಾದೇಶನ ಪಾಲಿಗೆ ಬಂದಿತ್ತು. ಬಿದ್ದ ಮೇಲೂ ನಿಜವೆನ್ನುವಂತೆ ಬಡಿ ಎಂದು ಮಧುಶ್ರೀ ಹೇಳಿ, ಭೀಮನಾದ ಚಿಕ್ಕಸ್ವಾಮಿ ಅಂಜಿದಾಗ ಧೈರ್ಯ ಕೊಟ್ಟವನೂ ಅವನೇ.

"ಒಳಗೆ ಹಳೇ ಹಾಸ್ಗೆ ಸುತ್ಕೊಂಡಿರ್ತೀನಿ, ತಲೆ ಒಂದು ಬುಟ್ಟು ಎಲ್ಲಾದ್ರೂ ಬಡಿಯೋ. ಎಲೆ ಅಡ್ಕೆ ಅಗೀತಿರ್ತೀನಿ, ರಕ್ತಾನೂ ಬತ್ತದೆ. ಎಂಗ್ ಕೂಗಾಡ್ತೀನಿ ಅಂದ್ರೆ, ನಿನ್ನೆಂಡ್ರೇ ನಿನ್ನ ಮನೆಗೆ ಸೇರ್ಸ್‌ಬಾರ್ದು ಕಣ್ಲಾ! ಮೇಷ್ಟ್ರಿಗೆ ಮಾತ್ರ ಏಳ್ಬ್ಯಾಡಿ, ಉಗೀತಾರೆ."

ಕೂಗಾಡ್ತೀನಿ ಅಂದವನು ಈಗ ಬರೀ ತುಟಿಯಾಡಿಸುತ್ತಿದ್ದಾನಲ್ಲ ಎಂದು ಮಧುಶ್ರೀಗೆ ಬೇಸರವಾಯಿತು.

"ಒನ್ಸ್ ಮೋರ್!" ಹಿಂದಿನಿಂದ ಯಾರೋ ಅರಚಿದರು. ಹಾಡಿಗೆ ಕೂಗುವ ಕೂಗು ಅದು. ಇಡೀ ಭವನ ಶಿಳ್ಳೆ ಹೊಡೆಯಿತು.

ಚಿಕ್ಕಸ್ವಾಮಿಗೆ ಹುರುಪೇರಿತು. ಕಾಲು ಹಿಡಿದು ಎಳೆದ. ಎದೆಯ ಮೇಲೆ ಮಂಡಿಯೂರಿದ. ಮತ್ತೆ ಗದೆ ಎತ್ತಿದ. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ದುರ್ಯೋಧನನ ಕಡಗ ತೊಟ್ಟ ಕೈ ಕ್ಯಾಮೆರಾದ ಕಡೆಗೆ ಮೇಲೆದ್ದು, ನಡುಗಿ, ಹಲಗೆಯ ಮೇಲೆ ಬಿತ್ತು.

ಅಬ್ಬಾ, ಏನು ನಟನೆ! ಮಧುಶ್ರೀ ಇನ್ನಷ್ಟು ಹತ್ತಿರ ಸರಿದು ಆ ಕೈಯನ್ನೇ ಹಿಡಿದಳು, ಕ್ಯಾಮೆರಾದಲ್ಲಿ. ನಾಳೆ ಇದಕ್ಕೆ ಬೀಳುವ ಕ್ಲಿಕ್ಕುಗಳು, ಮೇಷ್ಟ್ರ ಅರ್ಧ ಪುಟ, ಎಲ್ಲ ಕಣ್ಣ ಮುಂದೆ ಬಂದವು.

ಯಾರೋ ಅವಳ ಭುಜ ಮುಟ್ಟಿದರು. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಓಡಿಬಂದಿದ್ದ ಮಾದೇಶ ಏದುಸಿರು ಬಿಡುತ್ತ ನಿಂತಿದ್ದ.

"ಬೇಜಾರ್ ಮಾಡ್ಕಬ್ಯಾಡಿ ಕಣಕ್ಕ, ತಾಂಡ್ಯದ ಫ್ಯಾಕ್ಟ್ರೀಲಿ ಡ್ಯೂಟಿ ಬುಡ್ಲೇ ಇಲ್ಲ. ಫೋನ್ ಮಾಡ್ದೆ. ಒಂದು ಸೀನ್ ತಾನೇ, ನಾನೇ ವೇಷ ಕಟ್ತೀನಿ ಬುಡ್ಲಾ ಅಂದ್ರು ಮೇಷ್ಟ್ರು."