ಅಮಲ್ದಾರರ ಹಸಿರು ಬೇಲಿ

"ಒಂದು ಆಡು ಕೂಡ ಒಳಗೆ ಕಾಲಿಡಬಾರದು" ಎಂದರು ನಿವೃತ್ತ ಅಮಲ್ದಾರ್ ಜಯರಾಮಯ್ಯ, ಬೆತ್ತದ ತುದಿಯಿಂದ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತ. "ಗೇಟಿನಿಂದ ಹಿಡಿದು ಬಾವಿಯ ತನಕ ಬೇಲಿ ಬೇಕು. ವರ್ಷವಿಡೀ ಹಸಿರಾಗಿರಬೇಕು. ಬೆಂಗಳೂರಿನ ದೊರೆಗಳ ಬಂಗಲೆಯಲ್ಲಿ ನೋಡಿದ್ದೇನೆ. ಮೇಲೆ ಕಾಫಿ ಲೋಟ ಇಟ್ಟರೆ ನಿಲ್ಲಬೇಕು, ಅಷ್ಟು ಸಮ. ತಿಳಿಯಿತೇನೋ?"

ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ್ದ ಕ್ಯಾತಪ್ಪ ತಿಳಿಯಿತೆಂದು ತಲೆಯಾಡಿಸಿದ. ಮಧುಗಿರಿ ಬೆಟ್ಟದ ಬುಡದ ಆ ಜಾಗದಲ್ಲಿ ಬಂಗಲೆ ಏಳುವ ಮೊದಲು ಮೇಯುತ್ತಿದ್ದುದು ತನ್ನ ಹೆಂಡತಿ ಈರಕ್ಕನ ಆಡುಗಳೇ ಎಂಬುದನ್ನು ಮಾತ್ರ ಹೇಳಲಿಲ್ಲ. ಕೇಳದೆ ಇದ್ದದ್ದನ್ನು ಹೇಳುವ ಚಟ ಅವನಿಗಿರಲಿಲ್ಲ.

ಸುದ್ದಿ ಕೇಳಿ ಈರಕ್ಕ ಕೆಂಡವಾದಳು. "ನಮ್ ಆಡಿಗೆ ನೀನೇ ಬೇಲಿ ಹಾಕಕ್ಕೆ ಹೊಂಟಿದ್ದೀಯಾ? ಬ್ಯಾಸಗೇಲಿ ಅವು ಏನ್ ತಿನ್ನಬೇಕು, ನಿನ್ ತಲೆನಾ?"

"ಅವ್ರು ಹಸಿರು ಬೇಲಿ ಬೇಕು ಅಂದ್ರು ಕಣಮ್ಮಿ. ಯಾವ ಗಿಡ ಅಂತ ಹೇಳ್ನಿಲ್ಲ."

ಈರಕ್ಕನ ಸಿಟ್ಟು ಅಲ್ಲಿಗೆ ಇಳಿಯಿತು. "ಅಂಗಾದ್ರೆ ಸೀಮೆಹುಣಸೆ ಬಿತ್ತಿಬುಡು" ಎಂದಳು. ಸೀಮೆಹುಣಸೆ ಬೇಸಗೆಯಲ್ಲೂ ಬಾಡುವುದಿಲ್ಲ, ಒತ್ತಾಗಿ ಬೆಳೆಯುತ್ತದೆ, ನೋಡಲು ಚೆಂದ. ಆಡುಗಳ ಮಟ್ಟಿಗೆ ಹೇಳುವುದಾದರೆ ಅದು ಮದುವೆಯೂಟ.

ಮೊದಲ ಮಳೆಗೆ ಕ್ಯಾತಪ್ಪ ಗೆರೆಯುದ್ದಕ್ಕೂ ಕಾಲುವೆ ತೋಡಿ, ಎರಡು ಸಾಲಿನಲ್ಲಿ ಬೀಜ ಬಿತ್ತಿದ. ಮೊಳಕೆ ಬಂದಾಗಿನಿಂದ ಅದನ್ನು ಕಾದವಳು ಈರಕ್ಕ. ಒಂದು ಆಡು ಆ ಕಡೆ ಮೂತಿ ತಿರುಗಿಸಿದರೂ ಕಲ್ಲು ಬೀರುತ್ತಿದ್ದಳು. "ಆಡು ಸಾಕುವವಳಾದರೂ ಎಂಥ ನಿಯತ್ತು ನೋಡಿ" ಎಂದು ಜಯರಾಮಯ್ಯನವರು ಬಂದವರಿಗೆಲ್ಲ ಹೇಳಿದರು. ಪಾಪ, ನಂಬುವ ಮನುಷ್ಯ.

ಬೇಲಿ ಎದೆಯುದ್ದ ಬೆಳೆದಾಗ ಬೆಂಗಳೂರಿನಿಂದ ದೊಡ್ಡ ಕತ್ತರಿ ಬಂತು. ಕ್ಯಾತಪ್ಪ ಅದಕ್ಕೆ ಎಣ್ಣೆ ಸವರಿ ಮೊಳೆಗೆ ತೂಗುಹಾಕಿದ. ಮಧ್ಯಾಹ್ನ ಉಂಡು ಜಯರಾಮಯ್ಯನವರು ಗೊರಕೆ ಶುರುಮಾಡಿದರೆ ಗೇಟು ತೆರೆಯುತ್ತಿತ್ತು. ಆಡುಗಳು ಸಾಲಾಗಿ ಹಿಂಗಾಲ ಮೇಲೆ ನಿಂತು ಎಳೆ ಕುಡಿ ಮೇಯುತ್ತಿದ್ದವು. ಆಸೆಬುರುಕರ ಮೂತಿಗೆ ಕಡ್ಡಿಯಿಂದ ತಟ್ಟಿ ಈರಕ್ಕ ಮುಂದಕ್ಕೆ ಸಾಗಿಸುತ್ತಿದ್ದಳು. ಉದುರಿದ ಹಿಕ್ಕೆಯನ್ನು ಕ್ಯಾತಪ್ಪ ಗುಡಿಸಿ ಗುಲಾಬಿಯ ಬುಡಕ್ಕೆ ಹಾಕುತ್ತಿದ್ದ. ಯಜಮಾನರು ಏಳುವ ಹೊತ್ತಿಗೆ ಬೇಲಿ ಸಮ, ಗುಲಾಬಿ ಸೊಂಪು. ಸಿರಾ, ಕೊರಟಗೆರೆಯಿಂದ ಬಂದವರೆಲ್ಲ ನೋಡಿ ಬೆರಗಾದರು.

ಬೇಲಿಯ ಕೀರ್ತಿ ತುಮಕೂರಿಗೂ ಮುಟ್ಟಿತು. ಊರಿನ ಪುರಸಭೆಗೆ ಯಾರನ್ನು ಅಧ್ಯಕ್ಷರನ್ನಾಗಿ ನೇಮಿಸಬೇಕೆಂದು ಯೋಚಿಸುತ್ತಿದ್ದ ಜಿಲ್ಲೆಯ ಸಾಹೇಬರು, ಬೇಲಿ ನೋಡಲು ವಾರ ಬಿಟ್ಟು ಒಂದು ಸಂಜೆ ಕಾಫಿಗೆ ಬರುತ್ತೇನೆಂದು ಹೇಳಿಕಳಿಸಿದರು. ಆ ಕುರ್ಚಿಯ ಮೇಲೆ ಜಯರಾಮಯ್ಯನವರು ಕಣ್ಣಿಟ್ಟಿದ್ದುದು ಪೆನ್ಷನ್ ಬಂದಂದಿನಿಂದ. ಆದರೆ ಈರಕ್ಕ ಆಡುಗಳ ಸಮೇತ ಹುಲಿಕುಂಟೆಯ ತವರಿಗೆ ಹೋಗಿದ್ದಳು. ಬೇಲಿ ಕೆದರಿಕೊಂಡು ನಿಂತಿತ್ತು. ಬೈಗುಳ ತಾಳಲಾರದೆ ಕ್ಯಾತಪ್ಪ ಕತ್ತರಿ ಹಿಡಿದು ಬಾವಿಯ ಕಡೆ ಒಂದಿಷ್ಟು ಬೋಳು ಮಾಡಿದ. ಅದನ್ನು ನೋಡಿ ಜಯರಾಮಯ್ಯನವರಿಗೆ ಅಳುವೇ ಬಂತು.

ಈರಕ್ಕ ತಿರುಗಿ ಬಂದದ್ದು ಸಾಹೇಬರು ಬರುವ ದಿನವೇ, ಮಧ್ಯಾಹ್ನ. ಅಂದೇ ಜಯರಾಮಯ್ಯನವರಿಗೆ ನಿದ್ದೆ ಹತ್ತಲಿಲ್ಲ. ಉದ್ದ ಕೋಟು ತೊಟ್ಟು, ಜರಿಪೇಟ ಇಟ್ಟು ಹೊರಗೆ ಬಂದರೆ ಬೇಲಿಯ ತುಂಬ ಆಡು.

"ಕ್ಯಾತಾ..." ಎಂದರು. ಬೆತ್ತ ಎತ್ತಿದರು.

ಕ್ಯಾತಪ್ಪ ಗುಲಾಬಿಯ ಮರೆಗೆ ಸರಿದ. ಈರಕ್ಕ ಕದಲಲಿಲ್ಲ. "ಹೊಡೀರಿ ಬುದ್ಧಿ. ಹೊಡೆದ್ರೆ ಇವು ಹೊಂಟೋಯ್ತವೆ. ಬೇಲಿ ಅರ್ಧಕ್ಕೇ ನಿಂತ್ಕಂತದೆ. ಇಷ್ಟ್ ದಿನ ಸಮ ಮಾಡ್ತಿದ್ದೋವು ಇವೇಯ."

ಜಯರಾಮಯ್ಯನವರು ನೋಡಿದರು. ಎಡಕ್ಕೆ ಬೇಲಿ ಬೆಂಗಳೂರಿನ ಹಾಗಿತ್ತು. ಬಲಕ್ಕೆ ಕಾಡಿನ ಹಾಗಿತ್ತು. ಬೆತ್ತ ತಾನಾಗಿ ಕೆಳಗಿಳಿಯಿತು.

"ಸಾಹೇಬರು ಬರುವುದರೊಳಗೆ ಆಗುತ್ತದೆಯೇ?"

"ಹುಲಿಕುಂಟೆಯಿಂದ ನಡ್ಕಂಡ್ ಬಂದವೆ ಬುದ್ಧಿ. ಹೊಟ್ಟೆ ಹಸ್ದೈತೆ. ಬಿರ್ರನೆ ಆಯ್ತದೆ."

"ಹಾಗಾದರೆ ಆ ಕೊನೆಯಿಂದಲೂ ನಾಲ್ಕನ್ನು ಬಿಡು" ಎಂದರು ಅಮಲ್ದಾರರು, ದನಿ ತಗ್ಗಿಸಿ. ಸ್ವಲ್ಪ ಹೊತ್ತಿಗೆಲ್ಲ ಅವರೇ ಬೆತ್ತ ಹಿಡಿದು ಆಡುಗಳ ಹಿಂದೆ ಓಡಾಡತೊಡಗಿದ್ದರು. "ಇಲ್ಲಿ ಉಳಿದಿದೆ, ಇಲ್ಲಿ. ಆ ಬಿಳಿಯದು ಬಹಳ ನಿಧಾನ, ಅದನ್ನು ಆ ಕಡೆ ಹಾಕು."

ಕೊನೆಗೆ ಗೇಟಿನ ಪಕ್ಕದ ಮೂಲೆಯಲ್ಲಿ ಒಂದೇ ಒಂದು ಕುಡಿ ನೆಟ್ಟಗೆ ನಿಂತುಬಿಟ್ಟಿತು. ಯಾವ ಆಡಿಗೂ ಎಟುಕಲಿಲ್ಲ.

"ಕತ್ತರಿ ತರ್ಲಾ ಬುದ್ಧಿ?" ಎಂದ ಕ್ಯಾತಪ್ಪ.

"ನೀನು ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ."

ಸಾಹೇಬರ ಮೋಟಾರು ಬೆಟ್ಟದ ತಿರುವಿನಲ್ಲಿ ಹಾರನ್ ಹೊಡೆಯಿತು. ಪೇಟದ ಜರಿ ಮುಳ್ಳಿಗೆ ಸಿಕ್ಕಿಕೊಂಡದ್ದನ್ನೂ ಲೆಕ್ಕಿಸದೆ ಜಯರಾಮಯ್ಯನವರು ಕರಿ ಮರಿಯೊಂದನ್ನು ಎರಡು ಕೈಯಲ್ಲೂ ತಲೆಯೆತ್ತರಕ್ಕೆ ಎತ್ತಿ ಹಿಡಿದಿದ್ದರು. "ತಿನ್ನಪ್ಪಾ, ಬೇಗ ತಿನ್ನು" ಎಂದು ಅದನ್ನು ಬೇಡಿಕೊಳ್ಳುತ್ತಿದ್ದರು.