ಪ್ರಪಾತವಿಲ್ಲದ ದಾರಿ

ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ತೋರಿಸಿದ ಎರಡು ದಾರಿಗಳನ್ನೂ ಅವಳು ಬೇಡವೆಂದಳು. ಒಂದರಲ್ಲಿ ಜಲಪಾತವಿತ್ತು, ಇನ್ನೊಂದರ ತುದಿಯಲ್ಲಿ ವ್ಯೂ ಪಾಯಿಂಟ್ ಇತ್ತು.

"ಅಲ್ಲಾ ಮೇಡಂ, ಜನ ಬೆಟ್ಟಕ್ಕೆ ಬರೋದೇ ಅದನ್ನ ನೋಡೋಕೆ. ಫ್ಯಾಮಿಲಿಗಳೆಲ್ಲ ಅಲ್ಲಿಗೇ ಹೋಗ್ತಾರೆ. ರೇಲಿಂಗ್ ಬೇರೆ ಹಾಕಿದೀವಿ."

"ರೇಲಿಂಗ್ ಹತ್ತಬಹುದಲ್ಲ ಅಣ್ಣಾ." ಅವಳು ದನಿ ತಗ್ಗಿಸಿದಳು. "ಪ್ರಪಾತ, ಕೆರೆ, ಏನೂ ಇರಬಾರದು. ಬರೀ ಮರ ಇದ್ರೆ ಸಾಕು. ಕಾಡಲ್ಲಿ ಓಡಾಡಿಸಿ ಅಂದಿದಾರೆ ಡಾಕ್ಟ್ರು."

ಗಾರ್ಡ್ ಅವಳ ಕಾರಿನತ್ತ ನೋಡಿದ. ಆರು ವರ್ಷದ ಮಗಳು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೋತಿಗಳನ್ನು ಅಣಕಿಸುತ್ತಿದ್ದಳು. ಪಕ್ಕದಲ್ಲಿ ಅವಳಪ್ಪ ಸೀಟಿಗೆ ಒರಗಿ ಸುಮ್ಮನೆ ಕೂತಿದ್ದ.

"ಅಷ್ಟೊಂದು ತುಂಟಾಟವಾ?"

"ಹೋದ ವಾರ ಒಂದು ಗಳಿಗೆ ಕಣ್ಣು ತಪ್ಪಿತು ಅಷ್ಟೇ, ಟೆರೇಸಿನ ಅಂಚಲ್ಲಿ..."

ಗಾರ್ಡಿಗೆ ಅಯ್ಯೋ ಪಾಪ ಎನಿಸಿತು. "ಹಾಗಿದ್ರೆ ಹಳೇ ನರ್ಸರಿ ದಾರೀಲಿ ಹೋಗಿ. ಪೂರ್ತಿ ಸಮತಟ್ಟು. ಕೈ ಹಿಡ್ಕೊಂಡೇ ನಡೆದ್ರೆ ಏನೂ ಆಗಲ್ಲ." ಆಮೇಲೆ ಕಾರಿನ ಕಡೆ ಕೂಗಿ ಹೇಳಿದ, "ಸಾರ್, ಮಗು ಜೋಪಾನ!"

ಗಂಡ ಅವನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ.

ಅವಳು ಮಗಳನ್ನು ಕಾರಿನಿಂದ ಇಳಿಸಿಕೊಂಡು, ಬಗ್ಗಿ ಶೂ ಲೇಸ್ ಬಿಗಿಯುವ ನೆಪದಲ್ಲಿ ಕಿವಿಯಲ್ಲಿ ಹೇಳಿದಳು:

"ಅಪ್ಪನ ಒಂದು ಕೈ ನಾನು ಹಿಡ್ಕೋತೀನಿ, ಇನ್ನೊಂದು ನೀನು. ಅವರು ಎಷ್ಟು ಬಿಡಿಸ್ಕೊಳ್ಳೋಕೆ ನೋಡಿದ್ರೂ ಬಿಡ್ಬೇಡ ಪುಟ್ಟೀ."